ಮಾತ್ರೆ ಬಿಡುತ್ತಿರುವ ಮಗಳಿಗೆ

ಶಿಡ್ಲಘಟ್ಟ
ಭಾನುವಾರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಕಳೆದ ಮಂಗಳವಾರ ರಾತ್ರಿ ಒಂದೂವರೆ ಗಂಟೆಗೆ ನೀನು ಫೋನು ಮಾಡಿ, "ಅಮ್ಮಾ, ನನಗೆ ಹುಚ್ಚು ಹಿಡೀತಾ ಇದೆಯಾ?" ಎಂದು ಕೇಳಿದಾಗ ನಾನು ಹೇಳಬೇಕಾಗಿದ್ದುದನ್ನು ಹೇಳಲಿಲ್ಲ. ಬೆಳಗಾಗುತ್ತಲೇ ಅಳಿಯಂದಿರು ನಿನ್ನನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದರೆಂದೂ, ಅವರು ನೀನಾಗಿಯೇ ನಿಲ್ಲಿಸಿದ್ದ ಆತಂಕದ ಮಾತ್ರೆಯನ್ನು ಮತ್ತೆ ಶುರು ಮಾಡಿಸಿ, ಇನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸೋಣವೆಂದರೆಂದೂ ತಿಳಿದ ಮೇಲೆಯೇ ನನಗೆ ಉಸಿರು ಬಂದದ್ದು. ಫೋನಿನಲ್ಲಿ ಹೇಳಲು ಹೋದರೆ ಇಬ್ಬರಿಗೂ ಅಳು ಬಂದು ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ನಿಶ್ಚಿತಾರ್ಥದ ದಿನ ಅರಿಶಿನ ಕುಂಕುಮದ ತಟ್ಟೆ ನನ್ನ ಕೈಯಿಂದ ಜಾರಿ ಬಿತ್ತಲ್ಲ, ಅದು ನಿನಗೆ ನೆನಪಿರಬೇಕು. ಬೀಗಿತ್ತಿಯವರು ಗಾಬರಿಯಾದಾಗ, ಉಪವಾಸವಿದ್ದೆ, ಅದಕ್ಕೆ ಕೈ ನಡುಗಿತು ಎಂದು ನಾನು ಹೇಳಿದೆ. ಅದು ಸುಳ್ಳು. ನಿಮ್ಮಪ್ಪ 2016ರಲ್ಲಿ ತೀರಿಕೊಂಡ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ. ಪಾಠ ಮಾಡುತ್ತಿರುವಾಗಲೇ ಎದೆ ಡವಡವ ಹೊಡೆದುಕೊಂಡು ಕೈಕಾಲು ತಣ್ಣಗಾಗುತ್ತಿದ್ದವು. ಆಗ ಒಬ್ಬ ವೈದ್ಯರು ಆತಂಕ ತಗ್ಗಿಸಲು ಎರಡು ವಾರಕ್ಕೆಂದು ಆಲ್‌ಪ್ರಜೋಲಾಮ್ ಬರೆದುಕೊಟ್ಟರು. ಎರಡು ವಾರ ಆದ ಮೇಲೆ ಅದನ್ನು ಹೇಗೆ ನಿಲ್ಲಿಸಬೇಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪರಿಚಯದ ಮೆಡಿಕಲ್ ಸ್ಟೋರಿನಲ್ಲಿ ಹಳೆಯ ಚೀಟಿ ತೋರಿಸಿದರೆ ಸಾಕಾಗಿತ್ತು. 2014ರಿಂದಲೇ ಈ ಮಾತ್ರೆ ಎಚ್1 ಎಂಬ ಪಟ್ಟಿಯಲ್ಲಿದೆ, ಚೀಟಿಯಿಲ್ಲದೆ ಮಾರಬಾರದು, ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು ಬರೆದ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು ಎಂಬ ನಿಯಮವಿದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಹೀಗೆ ನಾಲ್ಕೂವರೆ ವರ್ಷ ಕಳೆಯಿತು; ಅರ್ಧ ಮಿಲಿಗ್ರಾಂ ಇದ್ದದ್ದು ಒಂದಾಯಿತು.

ನಿನ್ನ ಮದುವೆಯ ಮಾತುಕತೆ ನಡೆಯುತ್ತಿದ್ದಾಗ, ಹುಡುಗಿಯ ತಾಯಿ ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುತ್ತಾಳಂತೆ ಎಂಬ ಮಾತು ಬೀಗರ ಕಿವಿಗೆ ಬಿದ್ದೀತೆಂದು ಹೆದರಿ, ನಿಶ್ಚಿತಾರ್ಥಕ್ಕೆ ನಾಲ್ಕು ದಿನವಿರುವಾಗ ಯಾರಿಗೂ ಹೇಳದೆ ಸ್ಟ್ರಿಪ್ಪನ್ನು ಕಸಕ್ಕೆ ಎಸೆದುಬಿಟ್ಟೆ. ಮರುದಿನವೇ ಶುರುವಾಯಿತು. ಪಕ್ಕದ ಬೀದಿಯ ರೇಷ್ಮೆ ರೀಲಿಂಗ್ ಘಟಕದ ಸದ್ದು ನಲವತ್ತು ವರ್ಷದಿಂದ ಕೇಳಿ ಅಭ್ಯಾಸವಾದದ್ದು, ಅದು ತಲೆಯೊಳಗೇ ತಿರುಗುತ್ತಿರುವಂತೆ ಕೇಳತೊಡಗಿತು. ಟ್ಯೂಬ್‌ಲೈಟಿನ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಚರ್ಮದ ಮೇಲೆ ಇರುವೆ ಹರಿದಂತಾಗುತ್ತಿತ್ತು, ನೆಲ ಮೆತ್ತಗಾಗಿ ಓಲಾಡಿದಂತೆನಿಸುತ್ತಿತ್ತು. ನಿಶ್ಚಿತಾರ್ಥ ಮುಗಿದ ರಾತ್ರಿ ನಿನ್ನ ಚಿಕ್ಕಪ್ಪ ನನ್ನನ್ನು ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ಡಾಕ್ಟರಮ್ಮ ಎಲ್ಲವನ್ನೂ ಕೇಳಿ, "ಇಷ್ಟು ವರ್ಷ ತಿಂದ ಮಾತ್ರೆಯನ್ನು ಹೀಗೆ ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ" ಎಂದರು. ನನಗೆ ಬಿ.ಪಿ. ಏರಿತ್ತೆಂದು ನಿನಗೆ ಹೇಳಿದೆವು.

ನೀನು ಮಾತ್ರೆ ನಿಲ್ಲಿಸಿದ್ದು ನಿನ್ನ ಅತ್ತೆಯವರು ಒಂದು ತಿಂಗಳು ಇರಲು ಬರುತ್ತಾರೆಂಬ ಕಾರಣಕ್ಕೆ ಎಂದು ಅಳಿಯಂದಿರಿಂದ ತಿಳಿದಾಗ ನನಗೆ ಆದ ಸಂಕಟವನ್ನು ಹೇಗೆ ಬರೆಯಲಿ? ನಾನು ಬಾಯಿ ಬಿಟ್ಟು ಹೇಳಿದ್ದರೆ ನೀನು ಇದನ್ನು ಒಬ್ಬಳೇ ಅನುಭವಿಸಬೇಕಾಗಿರಲಿಲ್ಲ.

ನಿನ್ನ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ. ಏಳನೇ ತರಗತಿಯಲ್ಲಿದ್ದಾಗ ನೀನು ಸೀಬೆಮರದಿಂದ ಬಿದ್ದು ಕೈ ಮುರಿದುಕೊಂಡಿದ್ದೆ. ಪುತ್ತೂರು ಕಟ್ಟು ಹಾಕಿಸಿದ್ದೆವು. ಕಟ್ಟು ಬಿಚ್ಚಿದ ದಿನ ಕೈ ಸಣ್ಣಗಾಗಿ, ನೀರು ತುಂಬಿದ ಚೊಂಬನ್ನೂ ಎತ್ತಲಾಗದೆ, ಮೂಳೆ ಮತ್ತೆ ಮುರಿದಿದೆಯೆಂದು ಅತ್ತುಬಿಟ್ಟಿದ್ದೆ. ಮೂಳೆ ಕೂಡಿಕೊಂಡಿತ್ತು, ಕಟ್ಟಿನ ಆಸರೆಗೆ ಒಗ್ಗಿಹೋಗಿದ್ದ ಸ್ನಾಯುಗಳು ತಮ್ಮ ಕೆಲಸ ಮರೆತಿದ್ದವು, ಅಷ್ಟೇ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ, ನರಕೋಶಗಳ ಅಬ್ಬರವನ್ನು ತಗ್ಗಿಸುವುದು ಅದರ ಕೆಲಸ. ನಾನು ತಿಂದ ಆಲ್‌ಪ್ರಜೋಲಾಮ್ ಆಗಲಿ, ನೀನು ತಿನ್ನುತ್ತಿರುವ ಕ್ಲೊನಾಜೆಪಾಮ್ ಆಗಲಿ ಅದರ ಪ್ರಭಾವವನ್ನು ಹೆಚ್ಚಿಸುತ್ತವೆ. ತಿಂಗಳುಗಟ್ಟಲೆ ಹೊರಗಿನಿಂದ ಆಸರೆ ಸಿಕ್ಕಾಗ ಮಿದುಳು ಅದಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಂಡು, ಸ್ವಂತ ಶಕ್ತಿಯಿಂದ ಶಾಂತವಾಗುವುದನ್ನು ಕಡಿಮೆ ಮಾಡುತ್ತದೆ. ಆಸರೆಯನ್ನು ಥಟ್ಟನೆ ಕಿತ್ತುಕೊಂಡರೆ ಅಬ್ಬರ ಮಾತ್ರ ಉಳಿಯುತ್ತದೆ. ಆ ರಾತ್ರಿ ನಿನಗೆ ಆದದ್ದು ಇದು. ನಿನ್ನ ಬುದ್ಧಿಗೆ ಏನೂ ಆಗಿಲ್ಲ, ಮಗಳೇ.

ಮೊದಲ ಎರಡು ಮೂರು ದಿನ ಏನೂ ಆಗಲಿಲ್ಲ, ಗೆದ್ದೆ ಅಂದುಕೊಂಡೆ ಎಂದೆಯಲ್ಲ, ಅದಕ್ಕೂ ಕಾರಣವಿದೆ. ಆಲ್‌ಪ್ರಜೋಲಾಮ್ ರಕ್ತದಲ್ಲಿ ಅರ್ಧದಷ್ಟು ಇಳಿಯಲು ಸುಮಾರು 11 ಗಂಟೆ ಸಾಕು, ಆದ್ದರಿಂದ ನನಗೆ ಮರುದಿನವೇ ನಡುಕ ಬಂತು. ಕ್ಲೊನಾಜೆಪಾಮ್‌ಗೆ 30ರಿಂದ 40 ಗಂಟೆ ಬೇಕು. ನೀನು ಗೆದ್ದೆನೆಂದುಕೊಂಡ ದಿನಗಳಲ್ಲಿ ಅದು ನಿನ್ನ ಮೈಯಲ್ಲಿ ಇನ್ನೂ ಇತ್ತು.

ಇದನ್ನು ಚಟವೆಂದು ಕರೆದುಕೊಳ್ಳಬೇಡ. ಸುಖಕ್ಕಾಗಿ ಹುಡುಕಿಕೊಂಡು ಹೋಗುವುದು, ಬರೆದುಕೊಟ್ಟದ್ದಕ್ಕಿಂತ ಹೆಚ್ಚು ತಿನ್ನುವುದು ಬೇರೆ ವಿಷಯ. ವೈದ್ಯರು ಹೇಳಿದ ಅಳತೆಯಲ್ಲೇ ತಿಂದವರ ದೇಹವೂ ಈ ಔಷಧಕ್ಕೆ ಒಗ್ಗಿಹೋಗುತ್ತದೆ. ಬೆಂಜೊಡಯಾಜೆಪಿನ್ ಎಂಬ ಈ ಗುಂಪಿನ ಮೊದಲ ಔಷಧ 1960ರಲ್ಲಿ, ಡಯಾಜೆಪಾಮ್ 1963ರಲ್ಲಿ ಮಾರುಕಟ್ಟೆಗೆ ಬಂದಾಗ, ಹಿಂದಿನ ನಿದ್ರೆಯ ಔಷಧಗಳಿಗಿಂತ ಇವು ಎಷ್ಟೋ ಸುರಕ್ಷಿತವೆಂದು ಜಗತ್ತೆಲ್ಲ ಸ್ವಾಗತಿಸಿತು. ಸಾಮಾನ್ಯ ಅಳತೆಯಲ್ಲಿ ತಿಂದವರಿಗೂ ಬಿಡುವಾಗ ತೊಂದರೆಯಾಗುತ್ತದೆ ಎಂಬುದು ವೈದ್ಯಲೋಕಕ್ಕೆ ಸ್ಪಷ್ಟವಾಗಲು ಎರಡು ದಶಕಗಳೇ ಹಿಡಿದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಅವಲಂಬನೆಯ ಬಗ್ಗೆ ಔಷಧದ ಜೊತೆಗಿನ ಚೀಟಿಯಲ್ಲೇ ಗಟ್ಟಿ ಎಚ್ಚರಿಕೆ ಮುದ್ರಿಸಬೇಕೆಂದದ್ದು 2020ರಲ್ಲಿ. ವೈದ್ಯರಿಗೇ ಇಷ್ಟು ತಡವಾಗಿ ತಿಳಿದದ್ದನ್ನು ನೀನು ಮೊದಲೇ ತಿಳಿದಿರಬೇಕಿತ್ತೆಂದು ನಿನ್ನನ್ನೇ ಬೈದುಕೊಳ್ಳುವುದರಲ್ಲಿ ನ್ಯಾಯವಿಲ್ಲ. ಮಾತ್ರೆಯನ್ನೂ ದ್ವೇಷಿಸಬೇಡ, ನಿಮ್ಮಪ್ಪ ಹೋದ ಮೊದಲ ವಾರಗಳಲ್ಲಿ ನನ್ನನ್ನು ಉಳಿಸಿದ್ದು ಅದೇ.

ಈಗ ಲೆಕ್ಕದ ವಿಷಯ. ಮೂವತ್ತು ವರ್ಷ ಗಣಿತ ಕಲಿಸಿದವಳು ನಾನು, ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ದಿನಕ್ಕೆ 1 ಮಿಲಿಗ್ರಾಂ ತಿನ್ನುವ ನೀನು 0.125 ಇಳಿಸಿದರೆ ಅದು ಎಂಟರಲ್ಲಿ ಒಂದು ಭಾಗ, ಅಂದರೆ ಶೇಕಡಾ ಹನ್ನೆರಡೂವರೆ. ಮುಂದೆ 0.25ಕ್ಕೆ ಬಂದು ನಿಂತಾಗ ಅದೇ 0.125 ಇಳಿಸಿದರೆ ಅದು ಅರ್ಧಕ್ಕೆ ಅರ್ಧ. ಕೈಯಲ್ಲಿ ಹಿಡಿದ ಮಾತ್ರೆಯ ತುಂಡು ಎರಡು ಸಲವೂ ಒಂದೇ ಗಾತ್ರ, ದೇಹಕ್ಕೆ ಮಾತ್ರ ಎರಡನೆಯದು ನಾಲ್ಕು ಪಟ್ಟು ದೊಡ್ಡ ಹೆಜ್ಜೆ. ಇಷ್ಟು ಇಳಿಸಿಯಾಯಿತು, ಉಳಿದ ಚೂರನ್ನು ಒಂದೇ ಸಲ ಬಿಟ್ಟುಬಿಡೋಣ ಎಂದು ಮನಸ್ಸು ಆತುರಪಡುವುದು ಆ ಕೊನೆಯ ಹಂತದಲ್ಲೇ. ನಾನೂ ಅಲ್ಲೇ ಎಡವಿ ಆರು ವಾರ ಹಿಂದಕ್ಕೆ ಹೋದೆ. ಈಗಿನ ಮಾರ್ಗಸೂಚಿಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಗ ತಿನ್ನುತ್ತಿರುವ ಅಳತೆಯ ಶೇಕಡಾ 5ರಿಂದ 10ರಷ್ಟು ಇಳಿಸುವುದರಿಂದ ಆರಂಭಿಸಬಹುದೆನ್ನುತ್ತವೆ. ನಿನಗೆ ಎಷ್ಟು ಎಂಬುದನ್ನು ನಿನ್ನ ಡಾಕ್ಟರೇ ನಿರ್ಧರಿಸಲಿ. ಅವರು ಹೇಳಿದ ಹೆಜ್ಜೆ ದೊಡ್ಡದೆನಿಸಿದರೆ ಸಂಕೋಚಪಡದೆ ಹೇಳು, ಮನೆಯಲ್ಲಿ ನೀನೇ ಲೆಕ್ಕ ಬದಲಿಸಬೇಡ. ನನಗೆ ಬೆಂಗಳೂರಿನ ಮನೋವೈದ್ಯರೊಬ್ಬರು ಬಹಳ ಕಾಲ ಮೈಯಲ್ಲಿ ನಿಲ್ಲುವ ಡಯಾಜೆಪಾಮ್‌ಗೆ ನಿಧಾನವಾಗಿ ಬದಲಿಸಿ, ಹದಿನಾಲ್ಕು ತಿಂಗಳಲ್ಲಿ ಇಳಿಸಿದರು. ಎಲ್ಲರಿಗೂ ಇಷ್ಟು ಕಾಲ ಬೇಕೆಂದೇನಿಲ್ಲ.

ನೀನು ಕಳಿಸಿದ ಚೀಟಿಯ ಫೋಟೋ ನೋಡಿದೆ. ನಿನ್ನದು ಎಸ್ಸಿಟಾಲೋಪ್ರಾಮ್ ಮತ್ತು ಕ್ಲೊನಾಜೆಪಾಮ್ ಎರಡೂ ಸೇರಿದ ಒಂದೇ ಮಾತ್ರೆ. ಅದನ್ನು ಅರ್ಧ ಮಾಡಿದರೆ ಎರಡೂ ಅರ್ಧವಾಗುತ್ತವೆ. ನೀನು ನಿಲ್ಲಿಸಿದಾಗ ಎರಡೂ ಒಟ್ಟಿಗೆ ನಿಂತದ್ದರಿಂದ, ಎರಡನ್ನೂ ಬಿಟ್ಟ ತೊಂದರೆ ಒಮ್ಮೆಲೇ ಮೇಲೆ ಬಿದ್ದಿತು. ಎಸ್ಸಿಟಾಲೋಪ್ರಾಮ್ ನಿನ್ನ ಮೂಲ ಆತಂಕಕ್ಕೆ ಕೊಟ್ಟದ್ದು. ಅದು ಇದ್ದ ಹಾಗೇ ಇದ್ದು ಕ್ಲೊನಾಜೆಪಾಮ್ ಮಾತ್ರ ಇಳಿಯಬೇಕಾದರೆ ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆಸಿಕೊಳ್ಳಬೇಕು. ಇದನ್ನು ಮುಂದಿನ ಭೇಟಿಯಲ್ಲಿ ತಪ್ಪದೆ ಕೇಳು. ನಾಲಗೆಯ ಮೇಲೆ ಕರಗುವ ಬಗೆಯ ಮಾತ್ರೆಯನ್ನು ತುಂಡು ಮಾಡಲು ಹೋದರೆ ಪುಡಿಯಾಗುತ್ತದೆ, ಅದು ಬೇಡವೆನ್ನು.

ಇಳಿಸುವಾಗ ಪ್ರತಿದಿನವೂ ಹಿಂದಿನ ದಿನಕ್ಕಿಂತ ಚೆನ್ನಾಗಿರುತ್ತದೆಂದು ಎಣಿಸಬೇಡ. ನಾಲ್ಕು ದಿನ ಸುಮ್ಮನಿದ್ದು ಐದನೆಯ ದಿನ ಕಾರಣವಿಲ್ಲದೆ ಎದೆ ಹಾರುತ್ತದೆ, ಬೆವರುತ್ತದೆ, ಕಾಲಿನ ಸ್ನಾಯು ಮಿಡಿಯುತ್ತದೆ. ಆಗ ಹಳೆಯ ಕಾಯಿಲೆಯೇ ತಿರುಗಿ ಬಂತೆಂಬ ಭಯ ಹುಟ್ಟುತ್ತದೆ, ಆ ಭಯವೇ ಲಕ್ಷಣವನ್ನು ಇನ್ನಷ್ಟು ಬೆಳೆಸುತ್ತದೆ. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನಾಂಕ, ತಿಂದ ಅಳತೆ, ನಿದ್ದೆಯ ಗಂಟೆ ಇಷ್ಟನ್ನೇ ಬರೆದಿಡುತ್ತಿದ್ದೆ. ಹಳೆಯ ಆತಂಕದಲ್ಲಿ ನನಗೆ ಸದ್ದು ಚುಚ್ಚುತ್ತಿರಲಿಲ್ಲ, ಚರ್ಮದ ಮೇಲೆ ಇರುವೆ ಹರಿದಂತಾಗುತ್ತಿರಲಿಲ್ಲ. ಇವು ಅಳತೆ ಇಳಿಸಿದ ಕೆಲವೇ ದಿನಗಳಲ್ಲಿ ಬಂದು ವಾರದೊಳಗೆ ತಗ್ಗುತ್ತಿದ್ದವು. ಬರೆದದ್ದನ್ನು ನೋಡಿದ ಮೇಲೆಯೇ ಆ ವ್ಯತ್ಯಾಸ ನನಗೆ ಕಂಡದ್ದು.

ನಿನ್ನ ಅಜ್ಜಿ ರೇಷ್ಮೆಹುಳು ಸಾಕುವಾಗ ನಮಗೆ ಹೇಳುತ್ತಿದ್ದ ಮಾತೊಂದಿದೆ: ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು. ಪೊರೆ ಬಿಡುವ ಮುನ್ನ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುತ್ತದೆ. ನಾಲ್ಕು ಸಲ ಹೀಗೆ ಜ್ವರ ಕಳೆದರೇ ಅದು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಏರುವುದು. ತಟ್ಟೆಯಲ್ಲಿ ಎಲ್ಲ ಹುಳುವೂ ಏಳುವವರೆಗೆ ಅಜ್ಜಿ ಹೊಸ ಸೊಪ್ಪು ಹಾಕುತ್ತಿರಲಿಲ್ಲ. ನಿನಗೂ ಕೆಟ್ಟ ವಾರ ಬಂದಾಗ ಡಾಕ್ಟರನ್ನು ಕೇಳಿ ಇದ್ದ ಅಳತೆಯಲ್ಲೇ ನಿಲ್ಲು. ಆ ವಾರ ಇನ್ನಷ್ಟು ಇಳಿಸುವುದು ಬೇಡ, ಭಯಬಿದ್ದು ಎರಡು ಮಾತ್ರೆ ನುಂಗುವುದೂ ಬೇಡ. ಕೆಲಸ ಬಿಡುವ, ಮನೆ ಬದಲಿಸುವ ಯೋಚನೆಗಳನ್ನೂ ಆ ವಾರ ಮಾಡಬೇಡ.

ಉಳಿದದ್ದು ನಿನಗೆ ಗೊತ್ತಿರುವಂಥದ್ದೇ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಯಾರೋ ಹೇಳಿದರೆಂದು ನಿದ್ದೆಗೆ ಚೂರ್ಣ, ಕಷಾಯ ತೆಗೆದುಕೊಳ್ಳುವ ಮುಂಚೆ ಡಾಕ್ಟರಿಗೆ ತಿಳಿಸು. ಆಫೀಸಿನ ಪಾರ್ಟಿಗಳಲ್ಲಿ ಮದ್ಯವನ್ನು ಮುಟ್ಟಲೇಬೇಡ. ಈ ಮಾತ್ರೆಯೊಂದಿಗೆ ಅದು ಸೇರಿದರೆ ಉಸಿರೇ ನಿಲ್ಲಬಹುದು. ತಲೆ ಸುತ್ತುವ ದಿನ ಸ್ಕೂಟರ್ ತೆಗೆಯಬೇಡ. ಊರಿಗೆ ಬರುವಾಗ ಮಾತ್ರೆಯನ್ನು ಕೈಚೀಲದಲ್ಲಿ ಎರಡು ದಿನಕ್ಕೆ ಹೆಚ್ಚಾಗಿಯೇ ಇಟ್ಟುಕೋ. ಮಗುವಿನ ಯೋಚನೆ ಇದ್ದರೆ ಡಾಕ್ಟರಿಗೆ ಈಗಲೇ ಹೇಳು, ಆದರೆ ಆ ಕಾರಣಕ್ಕೂ ಥಟ್ಟನೆ ನಿಲ್ಲಿಸಬಾರದು. ಮೂಲ ಆತಂಕಕ್ಕೆ ಮನಃಶಾಸ್ತ್ರಜ್ಞರೊಂದಿಗೆ ಮಾತನಾಡಿ ಪಡೆಯುವ ಚಿಕಿತ್ಸೆಯನ್ನೂ ಈ ಹೊತ್ತಿನಲ್ಲೇ ಆರಂಭಿಸುವುದು ಒಳ್ಳೆಯದು. ನಾನದನ್ನು ತಡವಾಗಿ ಮಾಡಿದೆ.

ಇದನ್ನು ಅಳಿಯಂದಿರಿಗೂ ಓದಿಸು. ನಿನಗೆ ಫಿಟ್ಸ್ ಬಂದರೆ, ಎದುರಿಗಿದ್ದವರ ಗುರುತು ಹತ್ತದಿದ್ದರೆ, ಇಲ್ಲದ್ದು ಕಂಡರೆ, ಸಾಯಬೇಕೆಂಬ ಯೋಚನೆ ಬಂದರೆ ಅವರು ಬೆಳಗಾಗುವವರೆಗೆ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಷ್ಟು ತೀವ್ರವಲ್ಲದ, ಆದರೆ ಒಬ್ಬಳೇ ಕಳೆಯಲಾಗದ ರಾತ್ರಿಗಳಿಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆಯಿದೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ. ನನ್ನ ಸಂಖ್ಯೆಯಂತೂ ಇದ್ದೇ ಇದೆ. ಎಷ್ಟು ಹೊತ್ತಾದರೂ ಸರಿ, ನಿದ್ದೆ ಕೆಡಿಸಿದೆನೆಂದುಕೊಳ್ಳಬೇಡ.

ನಿನ್ನ ಅತ್ತೆಯವರಿಗೆ ನಾನೇ ಫೋನು ಮಾಡಿ, ತಟ್ಟೆ ಜಾರಿದ್ದು ಯಾಕೆಂದು ಹೇಳಿಬಿಟ್ಟಿದ್ದೇನೆ. ನಿನ್ನ ಅನುಮತಿಯಿಲ್ಲದೆ ನಿನ್ನ ವಿಷಯ ಎತ್ತಲಿಲ್ಲ, ನನ್ನದನ್ನು ಮಾತ್ರ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಂಗಿಯೂ ಇದೇ ಮಾತ್ರೆಯಲ್ಲಿ ಎಂಟು ವರ್ಷದಿಂದ ಇದ್ದಾರೆ, ನನ್ನೊಡನೆ ಮಾತನಾಡಿಸಬಹುದೇ ಎಂದು ಕೇಳಿದರು.

ಶನಿವಾರ ಬೆಳಿಗ್ಗೆ ವಿಜಯಪುರ, ದೇವನಹಳ್ಳಿಯ ಮೇಲೆ ಬರುವ ಮೊದಲ ಬಸ್ಸಿಗೆ ಹೊರಡುತ್ತೇನೆ. ನನ್ನ ಹಳೆಯ ಮಾತ್ರೆ ಕತ್ತರಿಸುವ ಡಬ್ಬಿ, ಆ ಹದಿನಾಲ್ಕು ತಿಂಗಳ ಕ್ಯಾಲೆಂಡರ್ ಹಾಳೆಗಳು, ಹೊಸ ರಾಗಿಯ ಹಿಟ್ಟು ಎಲ್ಲವನ್ನೂ ಚೀಲಕ್ಕೆ ಹಾಕಿಟ್ಟಿದ್ದೇನೆ. ಅಲ್ಲಿಯವರೆಗೆ ಡಾಕ್ಟರು ಹೇಳಿದ ಹೊತ್ತಿಗೆ, ಹೇಳಿದಷ್ಟೇ ತೆಗೆದುಕೋ.

ನಿನ್ನ ಅಮ್ಮ