ಅರ್ಧರಾತ್ರಿಯಲ್ಲಿ ಪಾಠ ಹೇಳಿಕೊಟ್ಟ ಮೇಡಂ ಅವರಿಗೆ

ಮೆಡಿಕಲ್ ಕಾಲೇಜೊಂದರ ಗ್ರಂಥಪಾಲಕಿ ನಾನು. ಅಮೆರಿಕದವರು ನಡೆಸಿದ , ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಜಾಲತಾಣದ ಬಗೆಗಿನ ಆ ಆನ್‌ಲೈನ್ ತರಗತಿ ನಮಗೆ ಶುರುವಾದದ್ದೇ ರಾತ್ರಿ 11:30ಕ್ಕೆ. ಪಿಜಿ ವಿದ್ಯಾರ್ಥಿಯೊಬ್ಬರಿಗೆ ಹಾವು ಕಡಿತದ ಲೇಖನಗಳು ಬೇಕಿದ್ದವು. ನಾನು ‘ಸ್ನೇಕ್ ಬೈಟ್ಸ್’ ಎಂಬ ಮೆಶ್ ಪದವೊಂದನ್ನೇ, ಅಂದರೆ ಲೇಖನದ ವಿಷಯ ಸೂಚಿಸಲು ಕೊಡುವ ನಿಗದಿತ ಪದವೊಂದನ್ನೇ, ನಂಬಿ ಕೂತಿದ್ದೆ. ಚಾಟ್‌ನಲ್ಲಿ ನನ್ನ ಪ್ರಶ್ನೆ ಕಂಡ ನೀವು ತರಗತಿ ಮುಗಿದ ಮೇಲೂ ಉಳಿದು, ಕನ್ನಡದಲ್ಲೇ ಬಿಡಿಸಿ ಹೇಳಿದಿರಿ: ಪಬ್‌ಮೆಡ್‌ನ ಎಷ್ಟೋ ಲೇಖನಗಳಿಗೆ ಮೆಶ್ ಪದ ಕೊಟ್ಟಿರುವುದೇ ಇಲ್ಲ, ಹಾಗಾಗಿ ಶೀರ್ಷಿಕೆ, ಸಾರಾಂಶಗಳಲ್ಲಿ ಬರುವ ‘ಸ್ನೇಕ್‌ಬೈಟ್’, ‘ಎನ್‌ವೆನಮೇಶನ್’ (ವಿಷವೇರುವುದು) ಪದಗಳನ್ನೂ ನಡುವೆ ‘ಆರ್’ (OR, ಅಂದರೆ ‘ಅಥವಾ’) ಹಾಕಿ ಸೇರಿಸಬೇಕು ಅಂತ. “ನಿಧಾನ, ಈಗ ನೀವೇ ಮಾಡಿ ನೋಡೋಣ” ಎಂದು ಮೂರು ಸಲ ಮಾಡಿಸಿದಿರಿ. ಅಷ್ಟು ತಾಳ್ಮೆ ಎಲ್ಲಿಂದ ತಂದಿರೋ! ಹೆಸರು ಕೇಳುವಷ್ಟರಲ್ಲಿ ನನ್ನ ಕಡೆ ಕರೆಂಟ್ ಹೋಯಿತು.

ಆ ಹುಡುಕಾಟದ ಸಾಲನ್ನು ಬರೆದುಕೊಂಡ ಚೀಟಿ ಇವತ್ತಿಗೂ ನನ್ನ ಮೇಜಿನ ಗಾಜಿನಡಿ ಇದೆ. ತುಂಬು ಮನಸ್ಸಿನ ಧನ್ಯವಾದ, ಮೇಡಂ.