ಜರಡಿ ಕಾಲಿನ ಮೇಲೆ ಐದು ಗೀಟು

ಕಲಬುರಗಿ

ಪ್ರೀತಿಯ ದೋಸ್ತ,

ಸಂಬಳ ಹೆಚ್ಚಾದ ಖುಷಿ ಹದಿನೈದು ದಿನ ಬಾಳಲಿಲ್ಲ, ಹೊಸ ಮನೆಯ ಖುಷಿ ಎರಡು ತಿಂಗಳಿಗೆ ಸವೆದುಹೋಯಿತು, ಈಗ ಯಾವುದೂ ನಾಲಿಗೆಗೆ ಹತ್ತುತ್ತಿಲ್ಲ ಎಂದು ಬರೆದಿದ್ದೀಯ. ಕೊನೆಗೆ, ನಮ್ಮ ದಾಲ್‌ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಅಕ್ಕ ದಿನವಿಡೀ ಧೂಳಿನಲ್ಲಿ ಕೂತರೂ ಅಷ್ಟು ನೆಮ್ಮದಿಯಿಂದ ಇರುವುದು ಹೇಗೆ ಎಂದು ಕೇಳಿದ್ದೀಯ. ಅವರ ಸ್ವಭಾವವೇ ಹಾಗೆ ಎಂದು ಹೇಳಿ ಪತ್ರ ಮುಗಿಸಬಹುದಿತ್ತು, ಆದರೆ ಅದು ಖರೇ ಉತ್ತರವಾಗುವುದಿಲ್ಲ. ಅಕ್ಕ ದಿನಕ್ಕೆ ಇಷ್ಟು, ವಾರಕ್ಕೆ ಇಷ್ಟು ಎಂದು ಮಾಡುವ ಕೆಲವು ರೂಢಿಗಳಿವೆ. ಅವು ಕಲಿಯಲು ಬರುವಂಥವು. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಅವರ ಕೆಲಸ ನಿನಗೆ ಗೊತ್ತಾಗಬೇಕು. ಗಂಜಿನಿಂದ, ಅಂದರೆ ಧಾನ್ಯದ ಮಾರುಕಟ್ಟೆಯಿಂದ, ಬಂದ ತೊಗರಿಯನ್ನು ಜರಡಿಗೆ ಹಾಕಿದಾಗ ಕಡ್ಡಿ, ಹೆಂಟೆ, ಧೂಳು ಹೋಗುತ್ತವೆ. ಆಮೇಲೆ ರೋಲರಿನಲ್ಲಿ ಕಾಳಿನ ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ ಹಚ್ಚಿ, ಬಿಸಿಲಿಗೆ ಹರವಿ, ನೀರು ಚಿಮುಕಿಸಿ ಗುಡ್ಡೆ ಹಾಕಿ, ಮತ್ತೆ ಒಣಗಿಸಿ ಒಡೆಯುತ್ತಾರೆ. ಒಂದು ಕ್ವಿಂಟಲ್ ತೊಗರಿಗೆ ಬೇಳೆ ಸಿಗುವುದು 70ರಿಂದ 75 ಕೆಜಿ. ಉಳಿದ ಹೊಟ್ಟು, ನುಚ್ಚು ದನಗಳ ಪಾಲು. ಈಗ ದೊಡ್ಡ ಮಿಲ್ಲುಗಳಲ್ಲಿ ಕ್ಯಾಮೆರಾದಿಂದ ನೋಡಿ, ಗಾಳಿ ಊದಿ, ಕೆಟ್ಟ ಬೇಳೆ ಹಾರಿಸುವ ಯಂತ್ರಗಳೂ ಬಂದಿವೆ. ಆದರೆ ಬೇಳೆಯಷ್ಟೇ ಗಾತ್ರದ, ಬೇಳೆಯದೇ ಬಣ್ಣದ ಹರಳು ಜರಡಿಯನ್ನು ಸುಲಭವಾಗಿ ದಾಟಿಬರುತ್ತದೆ. ಅದನ್ನು ಹಿಡಿಯುವುದು ಅಕ್ಕನ ಕಣ್ಣು ಮತ್ತು ಬೆರಳು. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ, ಸಿಕ್ಕಿದೆ. ಆ ಹೆಸರು ಉಣ್ಣುವವರ ಹಲ್ಲಿನ ಕೆಳಗೆ ಉಳಿಯಬೇಕಾದರೆ ಈ ಬೆರಳುಗಳೇ ಬೇಕು.

ಅಕ್ಕ ಮೊರ ಹಿಡಿದಾಗ ಒಮ್ಮೆ ಹತ್ತಿರ ಕೂತು ನೋಡಬೇಕು. ಮೊರದಲ್ಲಿ ಸೇರಿನಷ್ಟು ಬೇಳೆ. ಒಮ್ಮೆ ಕೇರಿ, ಮುಂದಕ್ಕೆ ತಳ್ಳಿ, ಹರವಿ, ಬೆರಳಿನಿಂದ ಗೆರೆ ಎಳೆಯುತ್ತಾರೆ. ಸಾವಿರಾರು ಬೇಳೆಯ ನಡುವೆ ಮೂರೋ ನಾಲ್ಕೋ ಹರಳು. ಕಣ್ಣು ನೆಟ್ಟಗೆ ಹರಳಿಗೇ ಹೋಗುತ್ತದೆ, ಬೇಳೆ ಕಾಣುವುದೇ ಇಲ್ಲ. ಕೆಲಸಕ್ಕೆ ಅದು ಸರಿ. ಕಣ್ಣು ಹಾಗೆ ಪಳಗದಿದ್ದರೆ ಅವರಿಗೆ ಕೂಲಿಯೇ ಸಿಗದು. ಆದರೆ ಅಕ್ಕ ಹೊಸಬರಿಗೆ ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತಾರೆ: "ಹರಳ ಹುಡುಕೋ ಕಣ್ಣ ಮನಿಗಿ ಒಯ್ಬ್ಯಾಡ್ರಿ ತಂಗೀ. ಇಲ್ಲೇ ಮೊರದಾಗ ಬಿಟ್ಟು ಹೋಗ್ರಿ."

ನಿನ್ನ ತೊಂದರೆಯೂ ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ದಿನಕ್ಕೆ ಒಂಬತ್ತು ತಾಸು ಬೇರೆಯವರ ಫೈಲಿನಲ್ಲಿ ತಪ್ಪು ಹುಡುಕುವುದು ನಿನ್ನ ಕೆಲಸ. ಆ ಕಣ್ಣನ್ನೇ ಮನೆಗೆ ಒಯ್ಯುತ್ತೀಯ. ಮನಸ್ಸಿಗೆ ಇನ್ನೊಂದು ಗುಣವೂ ಇದೆ. ಸಿಕ್ಕಿದ್ದಕ್ಕೆ ಅದು ಬಹಳ ಬೇಗ ಒಗ್ಗಿಕೊಳ್ಳುತ್ತದೆ, ಬದಲಾಗಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಸಂಬಳ ಹೆಚ್ಚಾದ ದಿನ ಅದು ಸುದ್ದಿ. ತಿಂಗಳು ಕಳೆದರೆ ಅದೇ ಸಂಬಳ ಗೋಡೆಯ ಸುಣ್ಣದ ಹಾಗೆ, ಇದ್ದರೂ ಕಣ್ಣಿಗೆ ಬೀಳದು. ಹೀಗಿರುವಾಗ ಇನ್ನೂ ಹೆಚ್ಚು ಗಳಿಸಿದರೆ ಖುಷಿ ಉಳಿಯುತ್ತದೆ ಎಂದುಕೊಂಡರೆ ಹೇಗೆ? ಇರುವುದು ಮತ್ತೆ ಕಾಣುವ ಹಾಗೆ ಏನಾದರೂ ಮಾಡಬೇಕು. ಅಕ್ಕ ಮಾಡುವುದು ಅದನ್ನೇ.

ಹಮಾಲರು ಚೀಲ ಎಣಿಸುವುದನ್ನು ನೀನು ಗಂಜಿನಲ್ಲಿ ನೋಡಿರಬೇಕು. ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ಅಕ್ಕ ಅವರಿಂದ ತುಂಡು ಸೀಮೆಸುಣ್ಣ ಇಸಿದುಕೊಂಡು ಜರಡಿಯ ಕಟ್ಟಿಗೆ ಕಾಲಿನ ಮೇಲೆ, ಒಳಮಗ್ಗುಲಿಗೆ ಗೀಟು ಹಾಕುತ್ತಾರೆ. ಯಾರಾದರೂ ಒಂದು ಒಳ್ಳೆಯದು ಮಾಡಿದರೆ, ಅಥವಾ ತಾನಾಗಿಯೇ ಒಂದು ಒಳ್ಳೆಯದಾದರೆ, ಒಂದು ಗೀಟು. ದಿನಕ್ಕೆ ಐದರ ಮೇಲೆ ಹಾಕುವುದಿಲ್ಲ. ಒಂದೂ ಇಲ್ಲದ ದಿನ ಒಂದೂ ಇಲ್ಲ, ಸುಮ್ಮನೆ ಹಾಕಿ ಲೆಕ್ಕ ತುಂಬಿಸುವುದಿಲ್ಲ. ಶನಿವಾರ ಬಟವಡೆ. ಕೂಲಿ ಎಣಿಸಿ ಸೆರಗಿಗೆ ಕಟ್ಟಿಕೊಂಡ ಮೇಲೆ ಜರಡಿ ಕಾಲಿನ ಹತ್ತಿರ ಕೂತು, ಗೀಟಿನ ಮೇಲೆ ಬೆರಳಿಟ್ಟು, ಇದು ಯಾರದು, ಇದು ಯಾತರದು ಎಂದು ಜೊತೆಯವರೊಂದಿಗೆ ಬಾಯಿಬಿಟ್ಟು ಹೇಳುತ್ತಾರೆ. ನೆನಪಾಗದ ಗೀಟು ಇದ್ದರೆ ಬಿಟ್ಟುಬಿಡುತ್ತಾರೆ. ಆಮೇಲೆ ಒದ್ದೆ ಬಟ್ಟೆಯಿಂದ ಎಲ್ಲ ಒರೆಸುತ್ತಾರೆ. ಸೋಮವಾರ ಕಟ್ಟಿಗೆ ಮತ್ತೆ ಬರಿದು.

ವಾರಕ್ಕೊಮ್ಮೆಯ ಈ ಲೆಕ್ಕವೇ ಇದರ ಜೀವಾಳ. ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಎಮನ್ಸ್ ಮತ್ತು ಮೆಕ್ಕಲಫ್, 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳಿಗೆ ಹತ್ತು ವಾರ ಕಾಲ ವಾರಕ್ಕೊಮ್ಮೆ ಬರೆಯಲು ಹೇಳಿದ್ದರು. ಒಂದು ಗುಂಪು ಕೃತಜ್ಞತೆ ಹುಟ್ಟಿಸಿದ ಐದರವರೆಗಿನ ಸಂಗತಿ ಬರೆಯಿತು, ಇನ್ನೊಂದು ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು, ಬರುವ ವಾರದ ಬಗ್ಗೆ ಹೆಚ್ಚು ಭರವಸೆಯಿತ್ತು. ಲ್ಯುಬೊಮಿರ್ಸ್ಕಿ ಎಂಬಾಕೆ ಮತ್ತು ಜೊತೆಗಾರರು ಆರು ವಾರ ಇದನ್ನೇ ಎರಡು ಬಗೆಯಲ್ಲಿ ಮಾಡಿಸಿದಾಗ ವಾರಕ್ಕೊಮ್ಮೆ ಮಾಡಿದವರ ಖುಷಿ ಹೆಚ್ಚಿತು, ವಾರಕ್ಕೆ ಮೂರು ಸಲ ಮಾಡಿದವರದು ಹೆಚ್ಚಲಿಲ್ಲ. ಪದೇ ಪದೇ ಮಾಡಿದರೆ ಅದೂ ಹೋಂವರ್ಕ್ ಆಗುತ್ತದೆ. ಬೇಸರ ಬಂದ ಹೋಂವರ್ಕಿನಿಂದ ಯಾರಿಗೆ ಏನು ಸಿಕ್ಕೀತು? ಅಕ್ಕ ಗೀಟು ಹಾಕುವುದಕ್ಕೆ ಎರಡು ಕ್ಷಣವೂ ಬೇಡ. ಕೂತು ನೆನೆಯುವುದು ಶನಿವಾರ ಮಾತ್ರ. ಅವರ ರೂಢಿ ಇಷ್ಟು ವರ್ಷ ಹಳಸದೆ ಉಳಿದಿರುವುದಕ್ಕೆ ಕಾರಣ ಇದೇ ಇರಬೇಕು.

ನೀನು ಮೊದಲು ಎಡವುವ ಜಾಗ ಹೇಳುತ್ತೇನೆ. ಡೈರಿ ತೆಗೆದು "ಆರೋಗ್ಯ, ಕುಟುಂಬ, ಕೆಲಸ" ಎಂದು ಬರೆಯುತ್ತೀಯ. ನಾಲ್ಕನೆಯ ಸಲವೂ ಅದೇ ಮೂರು ಬರುತ್ತವೆ, ಐದನೆಯ ಸಲ ಡೈರಿ ಕಪಾಟು ಸೇರುತ್ತದೆ. ಇಡೀ ಚೀಲವನ್ನು ಎತ್ತಿ ತೋರಿಸಿದರೆ ಕಾಳು ಕಾಣುವುದಿಲ್ಲ, ದೋಸ್ತ. ಒಂದೇ ಕಾಳು ಹಿಡಿ: ಯಾರು, ಯಾವಾಗ, ಏನು. "ಗುರುವಾರ ಮಧ್ಯಾಹ್ನ ಪಕ್ಕದ ಮೇಜಿನಾಕೆ ನನ್ನ ಪಾಳಿಯ ಫೋನು ತಾನೇ ಎತ್ತಿಕೊಂಡಳು, ಅದರಿಂದ ಊಟ ಬಿಸಿಯಿದ್ದಾಗಲೇ ಉಂಡೆ." ಇಷ್ಟಿದ್ದರೆ ಸಾಕು. ಜೊತೆಗೆ, ಹೀಗೆ ಯಾಕೆ ಆಯಿತು ಎಂದು ಒಂದು ಸಾಲು. ಮನಶ್ಶಾಸ್ತ್ರಜ್ಞ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ವಾರ ಕಾಲ ರಾತ್ರಿ ಮೂರು ಒಳ್ಳೆಯ ಸಂಗತಿಗಳನ್ನು ಕಾರಣ ಸಹಿತ ಬರೆಯಿಸಿದ್ದರು. ಅದರ ಪರಿಣಾಮ ಆರು ತಿಂಗಳ ನಂತರವೂ ಕಂಡಿತು. ವಾರ ಮುಗಿದ ಮೇಲೂ ತಾವಾಗಿಯೇ ಮುಂದುವರಿಸಿದವರಲ್ಲಿ ಇನ್ನೂ ಚೆನ್ನಾಗಿ ಕಂಡಿತು. ಆರಂಭಕ್ಕೆ ನೀನು ಹೀಗೆ ಮಾಡು: ಮೊದಲ ವಾರ ದಿನವೂ ಮೂರು, ಕಣ್ಣು ಪಳಗಲಿಕ್ಕೆ. ಎರಡನೆಯ ವಾರದಿಂದ ಗೀಟು ಮಾತ್ರ, ಲೆಕ್ಕ ಶನಿವಾರ.

ಇನ್ನೊಂದು ತಪ್ಪು ಬಹಳ ಮಂದಿ ಮಾಡುತ್ತಾರೆ. ಮನಸ್ಸಿನಲ್ಲಿ ನೆನೆದು ಸುಮ್ಮನಾಗುತ್ತಾರೆ, ಮಾಡಿದವರಿಗೆ ಹೇಳುವುದಿಲ್ಲ. "ಹೇಳಿದರೆ ಏನಂದುಕೊಂಡಾರು" ಎಂಬ ಸಂಕೋಚ. ಕುಮಾರ್ ಮತ್ತು ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ಧನ್ಯವಾದದ ಪತ್ರ ಬರೆದವರು, ಓದುವವರಿಗೆ ಮುಜುಗರವಾದೀತು ಎಂದು ಹೆಚ್ಚು ಅಂದಾಜು ಮಾಡಿದ್ದರು, ಅವರಿಗಾಗುವ ಖುಷಿಯನ್ನು ಕಡಿಮೆ ಅಂದಾಜು ಮಾಡಿದ್ದರು. ನಮ್ಮ ಕಡೆಯಂತೂ ಮನೆಯವರಿಗೆ, ಜೊತೆಗಾರರಿಗೆ "ಥ್ಯಾಂಕ್ಸ್" ಅಂದರೆ ದೂರದವರ ಹಾಗೆ ಅನ್ನಿಸುತ್ತದೆ, ಅದು ನಿಜ. ಅಕ್ಕ ಆ ಶಬ್ದವನ್ನು ಬಳಸುವುದೇ ಇಲ್ಲ. ಅವರ ಮಾತಿನಲ್ಲಿ ಮೂರು ಸಂಗತಿ ಇರುತ್ತವೆ: ನೀವು ಮಾಡಿದ್ದೇನು, ಅದಕ್ಕೆ ನೀವು ಬಿಟ್ಟಿದ್ದೇನು, ನನಗೆ ಆದದ್ದೇನು. ಒಬ್ಬ ಹಮಾಲ ಕಾಕಾಗೆ ಅವರು ಹೇಳಿದ್ದು ಹೀಗೆ: "ಕಾಕಾ, ನಿನ್ನಿ ಚೀಲಾ ನೆಳ್ಳಿಗಿ ಸರಸಿ ಇಟ್ರಿ. ನಿಮ್ಮ ಊಟದ ಹೊತ್ತ ಹೋಯ್ತು ಅದ್ರಾಗ. ನಂಗ ಬಿಸಲಾಗ ಅಡ್ಡ್ಯಾಡೋದು ತಪ್ಪಿತ್ರಿ." ಕಾಕಾ ಏನೂ ಅನ್ನಲಿಲ್ಲ, ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಮರುದಿನದಿಂದ ಚೀಲ ನೆರಳಲ್ಲೇ ಇಳಿಯುತ್ತಿವೆ. ನಾಲ್ಕು ಮಂದಿಯ ಎದುರು ಎತ್ತರದ ದನಿಯಲ್ಲಿ ಹೇಳಬೇಡ, ಕೇಳುವವರು ಮುದುಡುತ್ತಾರೆ. ಹೇಳಿದ ಕೂಡಲೇ ಇನ್ನೊಂದು ಕೆಲಸವನ್ನೂ ಕೇಳಬೇಡ, ಆಗ ಹೊಗಳಿಕೆ ಪೀಠಿಕೆಯಾಗಿಬಿಡುತ್ತದೆ.

ಬೇಸಿಗೆಯಲ್ಲಿ ಅಕ್ಕ ಮಾಡುವ ಒಂದು ಕೆಲಸ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದೆ. ಮೇ ತಿಂಗಳ ನಮ್ಮ ಕಲಬುರಗಿ ನಿನಗೆ ಗೊತ್ತು, 42 ಡಿಗ್ರಿ ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಮಿಲ್ಲಿನ ಮೂಲೆಯಲ್ಲಿ ಮಣ್ಣಿನ ಗಡಿಗೆ, ಸುತ್ತ ಒದ್ದೆ ಗೋಣಿತಟ್ಟು, ಕೆಳಗೆ ಉಸುಕು. ಗಡಿಗೆ ಬೆವರಿದರೇ ನೀರು ತಣ್ಣಗಾಗುವುದು. ಅದಕ್ಕೇ ಗಡಿಗೆಗೆ ಬಣ್ಣ ಬಳಿಯಲು ಅಕ್ಕ ಬಿಡುವುದಿಲ್ಲ, ಬಣ್ಣ ಬಿದ್ದರೆ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ. ಮೊದಲ ಗ್ಲಾಸು ಕೈಗೆ ಬಂದಾಗ ಅವರು ಕುಡಿಯುವ ಮುಂಚೆ ಒಂದು ಕ್ಷಣ ತಡೆಯುತ್ತಾರೆ. ಏನು ನೆನೆಸುತ್ತೀರಿ ಎಂದರೆ, "ಈ ಗಡಿಗಿ ಇವತ್ತ ಒಡದಿತ್ತಂದ್ರ ಅಂತ ನೆನಸ್ತೀನಪ್ಪಾ" ಎನ್ನುತ್ತಾರೆ. ಇದ್ದದ್ದನ್ನು ಮನಸ್ಸಿನಲ್ಲೇ ತೆಗೆದು ನೋಡುವ ಈ ಬಗೆಯನ್ನೂ ಸಂಶೋಧಕರು 2008ರಲ್ಲಿ ಪರೀಕ್ಷಿಸಿದ್ದಾರೆ. ಒಳ್ಳೆಯದೊಂದು ಹೇಗೆ ಆಯಿತು ಎಂದು ನೆನೆಯುವುದಕ್ಕಿಂತ, ಅದು ಆಗದೇ ಹೋಗಿದ್ದರೆ ಎಂದು ನೆನೆದವರ ಮನಸ್ಸು ಹೆಚ್ಚು ಅರಳಿತ್ತು. ಒಂದು ಎಚ್ಚರ: ಇದನ್ನು ಅರ್ಧ ನಿಮಿಷಕ್ಕೆ ನಿಲ್ಲಿಸು. ಹೊತ್ತು ಹೆಚ್ಚಾದರೆ ಚಿಂತೆಗೆ ತಿರುಗುತ್ತದೆ.

"ಅವರಿಗಿಂತ ನಾವೇ ವಾಸಿ" ಎಂಬ ದಾರಿಗೆ ಮಾತ್ರ ಇಳಿಯಬೇಡ. ಕಷ್ಟದಲ್ಲಿರುವವರನ್ನು ನೋಡಿ ಬರುವ ಸಮಾಧಾನ ಮೇಲಿನವರನ್ನು ನೋಡಿದ ಕೂಡಲೇ ಕರಗುತ್ತದೆ. ಅದರಲ್ಲಿ ಯಾರಿಗೂ ನೀನು ಏನೂ ಸಲ್ಲಿಸಿದಂತಾಗುವುದಿಲ್ಲ.

ಈ ಸಲ್ಲಿಸುವ ಮಾತು ನಮಗೆ ಹೊರಗಿನಿಂದ ಬರಬೇಕಿಲ್ಲ. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋದಾಗ ಮೊದಲು ಏನು ಮಾಡುತ್ತೇವೆ? ಸಜ್ಜಿ ರೊಟ್ಟಿ, ಕಡುಬು, ಭಜ್ಜಿ ಪಲ್ಯ ಬುಟ್ಟಿಯಲ್ಲಿ ಘಮಘಮ ಅನ್ನುತ್ತಿದ್ದರೂ, ಹೊಟ್ಟೆ ಹಸಿದಿದ್ದರೂ, ಮೊದಲು ಭೂತಾಯಿಗೆ ಚರಗ ಚೆಲ್ಲಿ ಆಮೇಲೇ ಕೂತು ಉಣ್ಣುತ್ತೇವೆ. ತೊಗರಿ ಕಾಯಿ ತುಂಬಿ ನಿಂತ ಹೊತ್ತು ಅದು. ರಾಶಿ ಇನ್ನೂ ಆಗಿಲ್ಲ, ದರ ಏನಾಗುತ್ತದೋ ಗೊತ್ತಿಲ್ಲ, ಆದರೂ ಚರಗ ಚೆಲ್ಲುತ್ತೇವೆ. ಲಾಭದ ಲೆಕ್ಕ ಸಿಕ್ಕ ಮೇಲೆ ನೆನೆಯೋಣ ಎಂದು ನಮ್ಮ ಹಿರಿಯರು ಕಾಯಲಿಲ್ಲ. ಅಕ್ಕ ಮಿಲ್ಲಿನಲ್ಲಿ ಬುತ್ತಿ ಬಿಚ್ಚಿದಾಗ ರೊಟ್ಟಿಯ ಒಂದು ಚೂರು ಕಟ್ಟೆಯ ಮೇಲೆ ಗುಬ್ಬಿಗೆ ಇಡುತ್ತಾರೆ. ಅವರಿಗೆ ಅದೂ ಚರಗವೇ.

ಈಗ ಹೇಳುವುದನ್ನು ಎರಡು ಸಲ ಓದು. ನೆಮ್ಮದಿಯ ಹೆಸರಿನಲ್ಲಿ ಅನ್ಯಾಯ ನುಂಗುವುದನ್ನು ಅಕ್ಕನಿಂದ ಯಾರೂ ಕಲಿಯಲಾರರು. ಬಟವಡೆಯಲ್ಲಿ ಅರ್ಧ ದಿನದ ಕೂಲಿ ಕಡಿಮೆ ಬಂದರೆ ಅಲ್ಲೇ ನಿಂತು ಎಣಿಸಿ ಕೇಳುತ್ತಾರೆ. ಧೂಳಿಗೆ ಮೂಗುಕಟ್ಟು ಕೊಡಿಸಿದ್ದೂ ಅವರೇ ಹಟ ಹಿಡಿದು. ಹರಳನ್ನು ಹರಳು ಎಂದೇ ಆರಿಸಿ ತೆಗೆಯಬೇಕು, ಬೇಳೆ ಎಂದು ಬೇಯಿಸಬಾರದು. ನಿನ್ನ ಮೇಲಿನವರು ರಾತ್ರಿ ಹನ್ನೊಂದಕ್ಕೆ ಫೋನು ಮಾಡುವುದಕ್ಕೆ ಗೀಟು ಹಾಕಿ ಸಮಾಧಾನ ಮಾಡಿಕೊಳ್ಳಬೇಡ. ಅದನ್ನು ಅವರೆದುರು ನೇರವಾಗಿ ಹೇಳು. ಆದರೆ ಬಿಟ್ಟದ್ದನ್ನು ಕೇಳುವ ಬಾಯಿ, ಸಂದದ್ದನ್ನು ಸಾಕೆನ್ನುವ ಮನಸ್ಸು, ಎರಡೂ ಒಬ್ಬರಲ್ಲೇ ಇರಬಹುದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ತಿರುಗಿ ಕಳಿಸಿದ ಕಥೆ ನಮ್ಮೆಲ್ಲರಿಗೂ ಗೊತ್ತು. ಆಕೆ ಬೇಡ ಎಂದದ್ದು ಹೆಚ್ಚಾದದ್ದನ್ನು. ತಮ್ಮ ಕಾಯಕಕ್ಕೆ ಸಲ್ಲುವ ಪಾಲನ್ನು ಬೇಡ ಎನ್ನಲಿಲ್ಲ.

ಕೊನೆಯದು, ನಿನ್ನ ಪತ್ರದ ಒಂದು ಸಾಲು ಓದಿ ಬರೆಯುತ್ತಿದ್ದೇನೆ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ಬಿಡದೆ ನಡೆದಿದ್ದರೆ ಅದಕ್ಕೆ ಗೀಟು ಮದ್ದಲ್ಲ, ಡಾಕ್ಟರ ಹತ್ತಿರ ಹೋಗಬೇಕು. ಹೋಗುವ ಮುಂಚೆ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಇದೆ, 14416, ದುಡ್ಡು ಹತ್ತುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಂಥ ದಿನಗಳಲ್ಲಿ ಒಳ್ಳೆಯದನ್ನು ಹುಡುಕಿ ಹುಡುಕಿ ಸಿಗದೇ ಹೋದರೆ ತಪ್ಪು ನಿನ್ನದೇ ಎನ್ನಿಸಿ ಇನ್ನಷ್ಟು ಕುಸಿಯುತ್ತೀಯ. ಹಾಗೆ ಆಗಬಾರದು.

ಅಷ್ಟಿಲ್ಲ, ಬರೀ ಸಪ್ಪೆ ಎನ್ನುವುದಾದರೆ ನಾಳೆಯಿಂದ ಶುರು ಮಾಡು. ಫೋನಿನಲ್ಲಿ ಬೇಡ, ಅಲ್ಲಿ ಇನ್ನೂ ಹತ್ತು ಸಂಗತಿ ನಿನ್ನ ಕಣ್ಣು ಎಳೆಯುತ್ತವೆ. ಮೇಜಿನ ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲ್ ಗೀಟು ಸಾಕು. ಶನಿವಾರ ಸಂಜೆ ಮನೆಯಲ್ಲಿ ಯಾರಿಗಾದರೂ ಬಾಯಿಬಿಟ್ಟು ಹೇಳು, ಇಲ್ಲವಾದರೆ ನನಗೆ ಫೋನು ಮಾಡು. ಅಕ್ಕನಿಗೆ ನಿನ್ನ ವಿಷಯ ಹೇಳಿದ್ದೇನೆ. ನಿನಗೆಂದು ಎರಡು ಕಿಲೋ ಬೇಳೆಯನ್ನು ತಾವೇ ಮೊರಕ್ಕೆ ಹಾಕಿ ಹಸನು ಮಾಡಿಟ್ಟಿದ್ದಾರೆ, ಜೊತೆಗೆ ಶೇಂಗಾ ಹಿಂಡಿಯ ಡಬ್ಬಿ. ಬರುವ ಸೋಮವಾರ ಬಸ್ಸಿಗೆ ಹಾಕಿ ಕಳಿಸುತ್ತೇನೆ. ಮುಟ್ಟಿದ ಮೇಲೆ ಅವರಿಗೆ ಫೋನು ಮಾಡಿ ಹೇಳು, "ಥ್ಯಾಂಕ್ಸ್" ಅನ್ನಬೇಡ, ಹೇಗೆ ಹೇಳಬೇಕೆಂದು ಮೇಲೆ ಬರೆದಿದ್ದೇನೆ.

ನಿನ್ನ
ಕಲಬುರಗಿಯ ಗೆಳೆಯ