ಹೂವೂ ಇಲ್ಲ, ಹಣ್ಣೂ ಇಲ್ಲ: ಓಸ್ಟರ್ಲೆನ್ ಕೃಷಿ ಪ್ರವಾಸದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ,
ಬೆಂಗಳೂರು.

ವಿಷಯ: ದಕ್ಷಿಣ ಸ್ವೀಡನ್ನಿನ ಓಸ್ಟರ್ಲೆನ್‌ನಲ್ಲಿ ತೋರಿಸುತ್ತೇವೆ ಎಂದದ್ದನ್ನು ತೋರಿಸದೆ, ಕೊಡದ ಸೌಲಭ್ಯಕ್ಕೆ ಹಣ ಪಡೆದಿರುವುದು.

ಮಾನ್ಯರೇ,

ಜುಲೈ ಕೊನೆಯ ವಾರದಲ್ಲಿ ಮಂಡ್ಯ, ಮದ್ದೂರು ಕಡೆಯ ರೈತ ಕುಟುಂಬಗಳನ್ನು ನೀವು ಡೆನ್ಮಾರ್ಕ್, ಸ್ವೀಡನ್‌ಗೆ ಕರೆದುಕೊಂಡು ಹೋದಿರಿ. ಆ ತಂಡದಲ್ಲಿ ನಾನೂ ನಮ್ಮ ಯಜಮಾನರೂ ಇದ್ದೆವು. ಕೋಪನ್‌ಹೇಗನ್ ಊರು ತೋರಿಸಿದ್ದರ ಬಗ್ಗೆ ನನ್ನ ತಕರಾರಿಲ್ಲ. ವೀಸಾ, ವಿಮಾನದ ಏರ್ಪಾಡು ಎಲ್ಲ ಸರಿಯಾಗಿಯೇ ಇತ್ತು. ನನ್ನ ದೂರು ಓಸ್ಟರ್ಲೆನ್ ಬಗ್ಗೆ. ಸ್ಕೋನೆ ಪ್ರಾಂತ್ಯದ ಆಗ್ನೇಯ ಮೂಲೆಯಲ್ಲಿ ಬಾಲ್ಟಿಕ್ ಕಡಲಿಗೆ ತಾಗಿಕೊಂಡಿರುವ ಆ ಬೇಸಾಯದ ನಾಡನ್ನು ನೋಡಬೇಕೆಂದೇ ನಾವು ಈ ಪ್ರವಾಸಕ್ಕೆ ಹಣ ಕಟ್ಟಿದ್ದು. ಬೇರೆ ಕಂಪನಿಗಳ ಪಟ್ಟಿಯಲ್ಲಿ ಆ ಜಾಗ ಇರಲಿಲ್ಲ, ನಿಮ್ಮದರಲ್ಲಿ ಇತ್ತು. ಅದಕ್ಕೇ ನಿಮ್ಮ ಹತ್ತಿರ ಬಂದೆವು.

ನಿಮ್ಮ ಕರಪತ್ರ ನನ್ನ ಮುಂದೆಯೇ ಇದೆ. ಮೊದಲ ಪುಟದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಹಳದಿ ಹೂವಿನ ಹೊಲ. ಮುಂದಿನ ಪುಟದಲ್ಲಿ ಕೆಂಪು ಸೇಬು ತುಂಬಿದ ಗಿಡಗಳು, ಪಕ್ಕದಲ್ಲಿ ಶೀವಿಕ್ ಊರಿನ ಸೇಬಿನ ಜಾತ್ರೆಯ ಚಿತ್ರ. ಕೆಳಗೆ "ಇದೆಲ್ಲವನ್ನೂ ಒಂದೇ ಪ್ರವಾಸದಲ್ಲಿ ನೋಡಿ" ಎಂದು ಅಚ್ಚಾಗಿದೆ. ಆ ಹಳದಿ ಹೂವು ರಾಪ್ಸ್ ಎನ್ನುವ ಸಾಸಿವೆ ಜಾತಿಯ ಎಣ್ಣೆಕಾಳಿನದು. ಹೆಚ್ಚಿನ ಕಡೆ ಅದನ್ನು ಆಗಸ್ಟ್‌ನಲ್ಲಿ ಬಿತ್ತುತ್ತಾರೆ. ಚಳಿಗಾಲ ಕಳೆದು ಮೇ ತಿಂಗಳಲ್ಲಿ ಹೂ ಬಿಡುತ್ತದೆ. ಜುಲೈ ಕೊನೆಗೆ ಕಾಯಿ ಒಣಗಿ ಕೊಯ್ಲಿಗೆ ಬಂದಿರುತ್ತದೆ. ಸೇಬಿನ ಕೊಯ್ಲು ನಡೆಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಶೀವಿಕ್ ಜಾತ್ರೆ ಸೆಪ್ಟೆಂಬರ್ ಕೊನೆಗೆ. ಅಂದರೆ ನೀವು ನಮ್ಮನ್ನು ಕರೆದೊಯ್ದ ವಾರದಲ್ಲಿ ಆ ಹೂವೂ ಇರುವುದಿಲ್ಲ, ಆ ಹಣ್ಣೂ ಇರುವುದಿಲ್ಲ. ಮಾವಿನ ಹೂವನ್ನೂ ಮಾವಿನ ಹಣ್ಣನ್ನೂ ಒಂದೇ ವಾರದಲ್ಲಿ ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಮ್ಮ ಊರಿನ ಮಕ್ಕಳೂ ನಂಬುವುದಿಲ್ಲ. ದೂರದ ದೇಶದ ಬೆಳೆ ನಮಗೆ ಗೊತ್ತಿರಲಿಲ್ಲ, ನಿಮ್ಮ ಮಾತು ನಂಬಿದೆವು. ಕೃಷಿ ಪ್ರವಾಸ ಎಂದು ಮಾರುವವರು ಅಲ್ಲಿ ಯಾವ ತಿಂಗಳು ಯಾವ ಬೆಳೆ ಎಂದು ತಿಳಿದುಕೊಂಡಿರಬೇಕು, ಅಲ್ವಾ?

ನನಗೆ ಜಾಸ್ತಿ ನೋವಾಗಿರುವುದು ಇನ್ನೊಂದು ಕಾರಣಕ್ಕೆ. ಜುಲೈನಲ್ಲಿ ಅಲ್ಲಿ ನೋಡಲು ಏನೂ ಇಲ್ಲ ಎಂದಲ್ಲ, ಬೇಕಾದಷ್ಟಿತ್ತು. ಬಾರ್ಲಿ ಕೊಯ್ಲು ನಡೆದಿತ್ತು. ದೊಡ್ಡ ಯಂತ್ರಗಳು ದೂಳೆಬ್ಬಿಸಿಕೊಂಡು ಕಡಲಿನ ಕಡೆಗೆ ಇಳಿಜಾರಿನಲ್ಲಿ ಹೋಗುವುದು ಬಸ್ಸಿನಿಂದ ಕಾಣುತ್ತಿತ್ತು. ಗೋಧಿ ಹಣ್ಣಾಗುತ್ತಿತ್ತು. ರಸ್ತೆ ಬದಿಯಲ್ಲಿ ಚಿಕ್ಕ ಚಿಕ್ಕ ಗೂಡಂಗಡಿಗಳು, ಅವುಗಳಲ್ಲಿ ಹೊಸ ಆಲೂಗಡ್ಡೆ, ಚೆರ್ರಿ ಹಣ್ಣು. ಕಾಯುವವರು ಯಾರೂ ಇಲ್ಲ. ಬೇಕಾದ್ದು ತೆಗೆದುಕೊಂಡು ದುಡ್ಡು ಇಟ್ಟು ಹೋಗುವ ಪದ್ಧತಿ. ನಮ್ಮ ತಂಡದ ಹೆಂಗಸರು ಅದನ್ನು ನೋಡಿ ಎಷ್ಟು ಖುಷಿಪಟ್ಟರು! ಇಳಿದು ನೋಡೋಣ ಎಂದು ಎಲ್ಲರೂ ಕೇಳಿದೆವು. ಮೊಬೈಲಿನಲ್ಲಿ ದುಡ್ಡು ಕಳಿಸುವ ಅಲ್ಲಿನ ಸ್ವಿಶ್ ವ್ಯವಸ್ಥೆಗೆ ಸ್ವೀಡನ್ನಿನ ಬ್ಯಾಂಕ್ ಖಾತೆ ಬೇಕು. ಅದು ನಮ್ಮಲ್ಲಿ ಇರುವುದಿಲ್ಲ. ಅದಕ್ಕೆ ಒಂದು ದಾರಿ ಮಾಡಿಕೊಡುವುದು ನಿಮ್ಮ ಟೂರ್ ಮ್ಯಾನೇಜರ್ ಕೆಲಸವಾಗಿತ್ತು. ಅವರು ಸಮಯ ಇಲ್ಲ ಎಂದು ಬಸ್ ನಿಲ್ಲಿಸಲೇ ಇಲ್ಲ.

ಶುಗರ್ ಬೀಟ್ ವಿಷಯವೂ ಹಾಗೇ ಆಯಿತು. ನಮ್ಮದು ಕಬ್ಬಿನ ನಾಡು. ನಮ್ಮ ಯಜಮಾನರು ಹುಟ್ಟಿದಾಗಿನಿಂದ ಕಬ್ಬಿನ ಗದ್ದೆ ನೋಡಿದವರು. ಗಡ್ಡೆಯಿಂದ ಸಕ್ಕರೆ ತೆಗೆಯುವ ಬೆಳೆ ಹೇಗಿರುತ್ತದೆ, ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬಿಡುತ್ತಾರೆ, ನೀರು ಹೇಗೆ ಎಂದು ಕೇಳಬೇಕೆಂದು ಅವರು ಪ್ರಶ್ನೆಗಳನ್ನು ಬರೆದುಕೊಂಡೇ ಬಂದಿದ್ದರು. ಸ್ವೀಡನ್ನಿನಲ್ಲಿ ಬೀಟ್‌ನಿಂದ ಸಕ್ಕರೆ ತೆಗೆಯುವ ಕಾರ್ಖಾನೆ ಇರುವುದು ಇದೇ ಸ್ಕೋನೆಯ ಓರ್ಟೋಫ್ಟಾದಲ್ಲಿ. ಕಾರ್ಖಾನೆ ತೋರಿಸಿ ಎಂದು ನಾವು ಕೇಳಲಿಲ್ಲ. ಕರಪತ್ರದಲ್ಲಿ "ಸ್ಥಳೀಯ ರೈತರೊಂದಿಗೆ ಮಾತುಕತೆ" ಎಂದಿದೆ, ಅದನ್ನಾದರೂ ಮಾಡಿಸಿ ಎಂದು ಕೇಳಿದೆವು. ಇಡೀ ಪ್ರವಾಸದಲ್ಲಿ ಒಬ್ಬ ರೈತರ ಜೊತೆಗೂ ನಮ್ಮನ್ನು ಮಾತನಾಡಿಸಲಿಲ್ಲ. ಆ ಪ್ರಶ್ನೆಗಳ ಹಾಳೆ ಹಾಗೇ ಮಡಿಚಿಟ್ಟುಕೊಂಡು ವಾಪಸ್ ಬಂದರು.

ಇನ್ನು ವಸತಿ. ಶೀವಿಕ್ ಹತ್ತಿರ ತೋಟದ ಮನೆಯಲ್ಲಿ ಎರಡು ರಾತ್ರಿ ಎಂದು ರಸೀದಿಯಲ್ಲೇ ಇದೆ. ಉಳಿಸಿದ್ದು ಕೋಪನ್‌ಹೇಗನ್ ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ. ದಿನಾ ಓರೆಸುಂಡ್ ಸೇತುವೆ ದಾಟಿ ಹೋಗುವುದಕ್ಕೆ ಒಂದೂವರೆ ಗಂಟೆ, ಬರುವುದಕ್ಕೆ ಒಂದೂವರೆ ಗಂಟೆ. ಆ ಕಾಲದಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬಿಸಿಲಿರುತ್ತದೆ. ಹಳ್ಳಿಯಲ್ಲಿ ಉಳಿದಿದ್ದರೆ ಊಟ ಮುಗಿಸಿ ಹೊಲದ ಬದಿಯಲ್ಲಿ, ಕಡಲ ದಂಡೆಯಲ್ಲಿ ಓಡಾಡಬಹುದಿತ್ತು. ಆ ಹೊತ್ತನ್ನು ನಾವು ಹೆದ್ದಾರಿಯಲ್ಲಿ ಕಳೆದೆವು. ಬದಲಾವಣೆ ಮಾಡುವ ಮುಂಚೆ ನಮ್ಮನ್ನು ಯಾರೂ ಕೇಳಲಿಲ್ಲ.

ಕೋಸೆಬೆರ್ಗಾ ಗುಡ್ಡದ ಮೇಲಿನ ಅಲೆಸ್ ಸ್ಟೇನಾರ್ ನಿಜವಾಗಿ ನೋಡಬೇಕಾದ ಜಾಗ. 59 ದೊಡ್ಡ ಕಲ್ಲುಗಳನ್ನು 67 ಮೀಟರ್ ಉದ್ದದ ಹಡಗಿನ ಆಕಾರದಲ್ಲಿ ನಿಲ್ಲಿಸಿದ್ದಾರೆ, ಕೆಳಗೆ ಕಡಲು. ಬಸ್ ನಿಲ್ಲುವ ಕಡೆಯಿಂದ ಏರು ದಾರಿಯಲ್ಲಿ ನಡೆದೇ ಹೋಗಬೇಕು. ಕೊಟ್ಟದ್ದು ಅರ್ಧ ಗಂಟೆಯೂ ಇಲ್ಲ. ಮಂಡಿ ನೋವಿರುವ ಹಿರಿಯರು ಅರ್ಧ ದಾರಿಯಿಂದಲೇ ತಿರುಗಿ ಬಂದರು. ಅಲ್ಲಿಗೂ ಸ್ಟೆನ್ಸ್‌ಹೂವುಡ್ ರಾಷ್ಟ್ರೀಯ ಉದ್ಯಾನಕ್ಕೂ ನೀವು "ಪ್ರವೇಶ ಶುಲ್ಕ" ಎಂದು ಹಣ ಸೇರಿಸಿದ್ದೀರಿ. ಎರಡು ಕಡೆಯೂ ಪ್ರವೇಶ ಉಚಿತ. ಲುಂಡ್‌ನಲ್ಲಿ ಓದುತ್ತಿರುವ ನಮ್ಮ ಅಕ್ಕನ ಮಗಳು ನಮ್ಮನ್ನು ನೋಡಲು ಅಲ್ಲಿಗೆ ಬಂದಿದ್ದಳು, ಅವಳು ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು. ಅಲ್ಲದೆ ಸ್ಟೆನ್ಸ್‌ಹೂವುಡ್‌ಗೆ ನಮ್ಮನ್ನು ಕರೆದುಕೊಂಡೇ ಹೋಗಲಿಲ್ಲ.

ಗ್ಲಿಮಿಂಗೆಹುಸ್ ಕೋಟೆಮನೆಯನ್ನು ನಿಧಾನವಾಗಿ ತೋರಿಸಿದಿರಿ, ಅದು ಒಳ್ಳೆಯದಾಯಿತು. ಆದರೆ ಅದನ್ನು ಸ್ವೀಡನ್ ರಾಜ ಕಟ್ಟಿಸಿದ ಎಂದು ಮ್ಯಾನೇಜರ್ ಹೇಳಿದರು. 1499ರಲ್ಲಿ ಕೆಲಸ ಶುರು ಮಾಡಿಸಿದವನು ಡೆನ್ಮಾರ್ಕಿನ ಸರದಾರ. ಸ್ಕೋನೆ ಸ್ವೀಡನ್‌ಗೆ ಸೇರಿದ್ದೇ 1658ರಲ್ಲಿ.

ಅದಕ್ಕಿಂತ ದೊಡ್ಡ ತಪ್ಪು ಒಂದು ನಡೆಯಿತು. "ಸ್ವೀಡನ್‌ನಲ್ಲಿ ಯಾರು ಎಲ್ಲಿ ಬೇಕಾದರೂ ನಡೆಯಬಹುದು, ಕಾನೂನೇ ಇದೆ" ಎಂದು ಅದೇ ಮ್ಯಾನೇಜರ್ ಹೇಳಿದರು. ಅದನ್ನು ಕೇಳಿ ಬೇರೆ ಊರಿನ ಕೆಲವು ಹುಡುಗರು ಫೋಟೋಗಾಗಿ ಗೋಧಿ ಹೊಲದೊಳಗೆ ಇಳಿದರು. ಕಾಡು, ಕಡಲ ದಂಡೆ, ಬಯಲಿನಲ್ಲಿ ಓಡಾಡುವ ಹಕ್ಕು ಅಲ್ಲಿ ಎಲ್ಲರಿಗೂ ಇರುವುದು ನಿಜ. ಬೆಳೆ ನಿಂತ ಹೊಲದಲ್ಲಿ, ಮನೆಯ ಅಂಗಳದಲ್ಲಿ ಆ ಹಕ್ಕು ಇಲ್ಲ. ಹೊಲದ ಯಜಮಾನರು ಬಂದರು. ಕೂಗಾಡಲಿಲ್ಲ, ಬಿದ್ದ ತೆನೆಗಳನ್ನು ಕೈಯಲ್ಲಿ ಎತ್ತಿ ನೋಡಿದರು. ಕೊಯ್ಲಿಗೆ ಬಂದ ಬೆಳೆ ತುಳಿದರೆ ಹೊಟ್ಟೆ ಎಷ್ಟು ಉರಿಯುತ್ತದೆ ಎಂದು ನಮಗೆ ಗೊತ್ತು. ನಮ್ಮ ಯಜಮಾನರು ಹೋಗಿ ಕೈ ಮುಗಿದರು. ನಿಮ್ಮ ಮ್ಯಾನೇಜರ್ ಬಸ್ಸಿನಿಂದ ಇಳಿಯಲಿಲ್ಲ. ಆ ರೈತರ ವಿಳಾಸ ಹುಡುಕಿ ನಿಮ್ಮ ಸಂಸ್ಥೆ ಕ್ಷಮೆ ಕೇಳಬೇಕು, ನಷ್ಟ ಕಟ್ಟಿಕೊಡಬೇಕು. ನನ್ನ ಹಣಕ್ಕಿಂತ ಮೊದಲು ಆ ಕೆಲಸ ಆಗಲಿ.

ನಮಗೆ ಬರಬೇಕಾದದ್ದು ಇಷ್ಟು. ತೋಟದ ಮನೆಗೆ ಪಡೆದ ಎರಡು ರಾತ್ರಿಯ ಹಣ, ಇಲ್ಲದ ಪ್ರವೇಶ ಶುಲ್ಕ, ಸೇಬಿನ ತೋಟ ಹಾಗೂ ರೈತರ ಭೇಟಿ ಎಂದು ಹಾಕಿದ ಮೊತ್ತ, ಎಲ್ಲವನ್ನೂ ತಂಡದ ಪ್ರತಿಯೊಬ್ಬರಿಗೂ ವಾಪಸ್ ಮಾಡಿ. ಕರಪತ್ರವನ್ನು ಈಗಲೇ ತಿದ್ದಿ. ಹೂವಿಗೆ ಮೇ, ಸುಗ್ಗಿಗೆ ಜುಲೈ ಕೊನೆ ಮತ್ತು ಆಗಸ್ಟ್, ಸೇಬಿಗೆ ಸೆಪ್ಟೆಂಬರ್ ಎಂದು ಸ್ಪಷ್ಟವಾಗಿ ಬರೆಯಿರಿ. ಮುಂದಿನ ತಂಡಕ್ಕೆ ಈಗಾಗಲೇ ಹಣ ಪಡೆಯುತ್ತಿದ್ದೀರಿ ಎಂದು ಕೇಳಿದ್ದೇನೆ. ಅವರಿಗೂ ಈ ವಿಷಯ ಮೊದಲೇ ತಿಳಿಸಿ.

ಈ ಪತ್ರ ತಲುಪಿದ 30 ದಿನದೊಳಗೆ ಲಿಖಿತ ಉತ್ತರ ಕೊಡಿ. ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತು ಮತ್ತು ಸೇವಾ ನ್ಯೂನತೆ ಎಂದು ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಸಲ್ಲಿಸುತ್ತೇವೆ. ಗ್ರಾಹಕರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಈ ಕಾಯ್ದೆಯಲ್ಲಿ ಅವಕಾಶ ಇದೆ. ತಂಡದ ಇತರ ಕುಟುಂಬಗಳೂ ಸಹಿ ಹಾಕಲು ಒಪ್ಪಿವೆ.

ಇಂತಿ,
ಜುಲೈ ತಂಡದ ಪ್ರಯಾಣಿಕಳು,
ಮಂಡ್ಯ ಜಿಲ್ಲೆ

ಲಗತ್ತು: ಕರಪತ್ರ, ರಸೀದಿ, ಹೋಟೆಲ್ ಬಿಲ್ಲಿನ ನಕಲು, ಬಸ್ಸಿನಿಂದ ತೆಗೆದ ಫೋಟೋಗಳು.